ಗುಂಡಿ ತೋಡುವವರ ಕೂಲಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಪಟ್ಟಣಗಳಲ್ಲಾಗಲಿ ಸುತ್ತಲಿನ ಹಳ್ಳಿಗಳಲ್ಲಾಗಲಿ ಮನೆಯ ಹಿರಿಯರೊಬ್ಬರು ತೀರಿಕೊಂಡರೆ ಸ್ವಲ್ಪ ಹೊತ್ತಿನಲ್ಲೇ ಮೂರು ಕಡೆಗೆ ಫೋನು ಹೋಗುತ್ತದೆ. ಮೊದಲು ಬೆಂಗಳೂರಿನಲ್ಲಿರುವ ಮಕ್ಕಳಿಗೆ, ದೂರದ ಊರಿಗೆ ಕೊಟ್ಟ ಹೆಣ್ಣುಮಕ್ಕಳಿಗೆ. ಆಮೇಲೆ ಗಾಜಿನ ಪೆಟ್ಟಿಗೆ, ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿಗೆ. ಕೊನೆಗೆ ಗುಂಡಿ ತೋಡುವವರಿಗೆ. ಅಂಗಡಿಯವರು ಫೋನಿನಲ್ಲೇ ದರ ಹೇಳುತ್ತಾರೆ: ಪೆಟ್ಟಿಗೆಗೆ ದಿನಕ್ಕೆ ಇಷ್ಟು, ಗಾಡಿಗೆ ಇಷ್ಟು, ರಾತ್ರಿಯಾದರೆ ಇಷ್ಟು. ಗುಂಡಿ ತೋಡುವವರ ಹತ್ತಿರ ದರ ಕೇಳುವ ಪದ್ಧತಿಯೇ ಇಲ್ಲ. 'ತಾತ ಹೋಗಿಬಿಟ್ರು, ಬೇಗ ಬಾಪ್ಪಾ' ಎಂದರೆ ಮಾತು ಮುಗಿಯಿತು. ಎಷ್ಟು ಕೊಡುತ್ತಾರೆ ಎನ್ನುವುದು ಎಲ್ಲ ಮುಗಿದ ಮೇಲೆ, ಸ್ಮಶಾನದಲ್ಲಿ, ಯಾರಾದರೊಬ್ಬ ದಾಯಾದಿ ಜೇಬಿಗೆ ಕೈ ಹಾಕಿದಾಗಲೇ ಗೊತ್ತಾಗುವುದು.

ಸಾವಿನ ಕೆಲಸ ಮಾಡುವ ಕುಟುಂಬಗಳು ನಮ್ಮಲ್ಲಿ ಎರಡು ಬಗೆಯವು ಇವೆ. ಒಂದು ಬಗೆಯವರಿಗೆ ಬೋರ್ಡು ಇದೆ, ರಸೀದಿ ಪುಸ್ತಕ ಇದೆ, 'ಇಪ್ಪತ್ನಾಲ್ಕು ಗಂಟೆ ಸೇವೆ' ಎಂಬ ಬರಹ ಇದೆ. ಇನ್ನೊಂದು ಬಗೆಯವರಿಗೆ ಇರುವುದು ಗಡಾರಿ, ಸಲಿಕೆ ಮತ್ತು ತಾತನ ಕಾಲದಿಂದ ಬಂದ ಕರೆ. ಸಾವಿನ ಕೆಲಸಕ್ಕೆ ಬೆಲೆ ನಿಗದಿಯಾಗುವುದು ಒಳ್ಳೆಯದು, ಆದರೆ ಆ ಬೆಲೆ ಈಗ ತಪ್ಪಾದ ತುದಿಯಿಂದ ಶುರುವಾಗಿದೆ ಎಂಬುದು ನನ್ನ ವಾದ. ಮೊದಲು ನಿಗದಿಯಾಗಬೇಕಾದದ್ದು ಗುಂಡಿ ತೋಡುವವರ ಕೂಲಿ. ಅದರ ಜೊತೆಗೆ, ಆ ಕೆಲಸ ಬೇಡ ಎನ್ನುವ ಹಕ್ಕೂ ಅವರದಾಗಬೇಕು.

ಹೊಸ ಅಂಗಡಿಗಳ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಅವರ ಮೇಲೆ ಊರಿನವರಿಗೆ ಅನ್ಯಾಯದ ಸಿಟ್ಟಿದೆ. 'ಹೆಣದ ಮೇಲೂ ದುಡ್ಡು ಮಾಡ್ತಾರೆ' ಎಂಬ ಮಾತನ್ನು ತಿಥಿ ಊಟದ ಪಂಕ್ತಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಈ ಅಂಗಡಿಗಳು ಬಹುಪಾಲು ಒಂದೇ ಮನೆಯವರು ನಡೆಸುವಂಥವು. ಅಪ್ಪ ಮದುವೆಗೆ ಪಾತ್ರೆ, ಶಾಮಿಯಾನ ಕೊಡುತ್ತಿದ್ದವರು. ಮಗ ಅದಕ್ಕೆ ಫ್ರೀಜರ್ ಪೆಟ್ಟಿಗೆ ಸೇರಿಸಿದ, ಒಂದು ಹಳೆಯ ಟೆಂಪೊ ಕೊಂಡು ಶವದ ಗಾಡಿ ಮಾಡಿದ. ಬಿದಿರು, ಮಡಕೆ, ಬಿಳಿ ಬಟ್ಟೆ, ಅರಿಶಿನ ಕುಂಕುಮ, ಎರಚಲು ಪುರಿ, ಎಲ್ಲವೂ ಒಂದೇ ಚೀಲದಲ್ಲಿ ಸಿಗುತ್ತದೆ. ಸಾವನ್ನು ಇಪ್ಪತ್ತೊಂದು ದಿನದೊಳಗೆ ನೋಂದಾಯಿಸಬೇಕು ಎಂದು 1969ರ ಜನನ ಮರಣ ನೋಂದಣಿ ಕಾಯ್ದೆಯ ವ್ಯವಸ್ಥೆ ಹೇಳುತ್ತದೆ. ಅದನ್ನು ಮನೆಯವರಿಗೆ ನೆನಪಿಸುವವರೂ, ಅರ್ಜಿಗೆ ಯಾವ ಕಾಗದ ಬೇಕೆಂದು ಹೇಳುವವರೂ ಎಷ್ಟೋ ಸಲ ಇವರೇ. ದುಃಖದಲ್ಲಿರುವ ಮನೆಗೆ ಇದು ಸಣ್ಣ ಉಪಕಾರವಲ್ಲ. ಮರಣ ಪ್ರಮಾಣಪತ್ರ ತಡವಾದರೆ ಪಹಣಿ ಬದಲಾವಣೆ, ವಿಧವಾ ವೇತನ, ವಿಮೆ ಎಲ್ಲವೂ ತಡವಾಗುತ್ತವೆ.

ಈ ವ್ಯಾಪಾರ ಹುಟ್ಟಿದ್ದು ಯಾರ ದುರಾಸೆಯಿಂದಲೂ ಅಲ್ಲ. ಊರು ಚದುರಿದ್ದರಿಂದ ಹುಟ್ಟಿತು. ಹಿಂದೆ ಬೆಳಿಗ್ಗೆ ಸತ್ತವರನ್ನು ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತಿದ್ದರು, ಬರಬೇಕಾದವರು ನಡೆದು ಬರುವಷ್ಟು ದೂರದಲ್ಲಿದ್ದರು. ಈಗ ಚಿಕ್ಕಬಳ್ಳಾಪುರದಿಂದ ಬೆಂಗಳೂರು ಸುಮಾರು ಅರವತ್ತು ಕಿಲೋಮೀಟರ್. ಅರ್ಧ ಊರು ಅಲ್ಲಿದೆ, ಕೆಲವರ ಮಕ್ಕಳು ಅಮೆರಿಕದಲ್ಲೂ ದುಬೈನಲ್ಲೂ ಇದ್ದಾರೆ. 'ಮಗಳು ಬರೋವರೆಗೂ ಎತ್ತಬೇಡಿ' ಎಂಬ ಮಾತಿಗೆ ಬೆಲೆ ಕೊಡಬೇಕಾದರೆ ಹೆಣ ಕೆಡದಂತೆ ಇಡಬೇಕು, ಇಡಲು ಪೆಟ್ಟಿಗೆ ಬೇಕು, ಪೆಟ್ಟಿಗೆಗೆ ಕರೆಂಟು ಬೇಕು, ಕರೆಂಟು ಹೋದರೆ ಜನರೇಟರ್ ತರುವ ಒಬ್ಬ ಬೇಕು. ಅಪಘಾತವಾದರೆ ಮರಣೋತ್ತರ ಪರೀಕ್ಷೆ ಮುಗಿಸಿ ಹೆಣ ಮನೆಗೆ ಬರಬೇಕು. ಇದನ್ನೆಲ್ಲ ಮಾಡುವ ಮನೆಗೆ ಸಂಪಾದನೆ ಬೇಡವೆ? ಮದುವೆ ಮಂಟಪದವರ ಲಾಭ ನಮಗೆ ಪಾಪವಾಗಿ ಕಾಣುವುದಿಲ್ಲ. ಸಾವಿನ ಮನೆಯಲ್ಲಿ ಮಾತ್ರ ಎಲ್ಲ ಕೆಲಸವೂ ಪುಣ್ಯಕ್ಕಾಗಿಯೇ ನಡೆಯಬೇಕೆಂದು ಬಯಸುತ್ತೇವೆ. ಹಾಗೆ ಬಯಸುವ ನಾವು, ಇಷ್ಟು ಕಾಲ ಆ ಪುಣ್ಯದ ಕೆಲಸವನ್ನು ಯಾರ ತಲೆಗೆ ಕಟ್ಟಿದ್ದೆವು ಎಂದು ನೋಡಿಕೊಂಡಿಲ್ಲ.

ಹಳೆಯ ಕುಟುಂಬಗಳ ಕಥೆ ಅಲ್ಲಿಂದ ಶುರುವಾಗುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ತೋಟಿ, ತಳವಾರ, ನೀರಗಂಟಿ ಎಂಬ ಗ್ರಾಮ ಚಾಕರಿಗಳು ಇದ್ದವು. ಅವು ವಂಶಪಾರಂಪರ್ಯ. ಚಾಕರಿಗೆ ಪ್ರತಿಯಾಗಿ ಒಂದಿಷ್ಟು ಇನಾಮ್ತಿ ಜಮೀನು, ಸುಗ್ಗಿಯಲ್ಲಿ ಕಣದಿಂದ ಆಯ. ತೋಟಿಯ ಮನೆಯವರು ಊರಿನ ಸಾವಿನ ಸುದ್ದಿಯನ್ನು ನೆಂಟರ ಊರುಗಳಿಗೆ ನಡೆದು ಮುಟ್ಟಿಸಬೇಕಿತ್ತು, ತಮಟೆ ಬಡಿಯಬೇಕಿತ್ತು, ಗುಂಡಿ ತೋಡಬೇಕಿತ್ತು, ಸೌದೆ ಒಡೆಯಬೇಕಿತ್ತು, ಸತ್ತ ದನ ಎಳೆಯಬೇಕಿತ್ತು. 1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಶಾನುಭೋಗ, ಪಟೇಲರ ಜೊತೆಗೆ ಈ ಕೆಳಗಿನ ಚಾಕರಿಗಳನ್ನೂ ರದ್ದು ಮಾಡಿತು. ಇನಾಮ್ತಿ ಜಮೀನನ್ನು ಹಿಡುವಳಿದಾರರಿಗೇ ಮರುಮಂಜೂರು ಮಾಡಲು ಅವಕಾಶ ಕೊಟ್ಟಿತು. ಹಾಗೆ ಸಿಕ್ಕ ಜಮೀನು ಪರಭಾರೆಯಾಗುವುದನ್ನು ತಡೆಯಲು 1978ರಲ್ಲಿ ತಿದ್ದುಪಡಿಯನ್ನೂ ತರಬೇಕಾಯಿತು. ಬಡವರ ಕೈಯಲ್ಲಿ ಜಮೀನು ನಿಲ್ಲುತ್ತಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆಮೇಲೆ ಏನಾಯಿತು ಎಂಬುದನ್ನು ನಿಧಾನವಾಗಿ ನೋಡಬೇಕು. ಕಂದಾಯದವರಿಗೆ ಓಡಾಡುವ ಕೆಲಸ ಗ್ರಾಮ ಸಹಾಯಕರದಾಯಿತು, ಅದಕ್ಕೆ ಗೌರವಧನ ಬಂತು. ನೀರು ಬಿಡುವ ಕೆಲಸ ಪಂಚಾಯಿತಿಯ ವಾಟರ್‌ಮನ್‌ಗೆ ಹೋಯಿತು, ಅದಕ್ಕೆ ಸಂಬಳ ಬಂತು. ಹಳ್ಳಿಗಳಲ್ಲಿ ಅವರನ್ನು ಇಂದಿಗೂ ನೀರುಗಂಟಿ ಎಂದೇ ಕರೆಯುತ್ತಾರೆ. ಸಾವಿನ ಸುದ್ದಿ ಮುಟ್ಟಿಸುವ ಕೆಲಸವನ್ನು ಫೋನು ಕಿತ್ತುಕೊಂಡಿತು, ಒಳ್ಳೆಯದೇ ಆಯಿತು. ಉಳಿದದ್ದು ಗುಂಡಿ ಮತ್ತು ತಮಟೆ. ಅವೆರಡಕ್ಕೆ ಹುದ್ದೆಯೂ ಇಲ್ಲ, ಇನಾಮ್ತಿಯೂ ಇಲ್ಲ, ಸಂಬಳವೂ ಇಲ್ಲ. ಕಾನೂನು ಹುದ್ದೆಯನ್ನು ತೆಗೆಯಿತು, ಊರು ಮಾತ್ರ ಕೆಲಸವನ್ನು ಅದೇ ಮನೆಗಳ ಬಾಗಿಲಲ್ಲಿ ಬಿಟ್ಟಿತು.

ಗುಂಡಿ ತೋಡುವುದು ಎಂದರೆ ಏನೆಂದು, ಮಣ್ಣಿಗೆ ಹೋಗಿ ಮೂರು ಹಿಡಿ ಮಣ್ಣು ಹಾಕಿ ಬರುವ ನಮಗೆ ಅಂದಾಜಿಲ್ಲ. ನಮ್ಮದು ಕಲ್ಲಿನ ಸೀಮೆ. ಮೇಲೆ ಒಂದೆರಡು ಅಡಿ ಕೆಂಪು ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕೆಲವು ಕಡೆ ಬಂಡೆಯೇ. ಚೈತ್ರ, ವೈಶಾಖದ ಬಿಸಿಲಲ್ಲಿ ಗಡಾರಿ ಹಾಕಿದರೆ ನೆಲ ಕಿಡಿ ಕಾರುತ್ತದೆ. ಆಳು ಮಲಗುವಷ್ಟು ಉದ್ದ, ನಾಯಿ ನರಿ ಕೆದಕದಷ್ಟು ಆಳ ತೋಡಲು ಮೂವರು ನಾಲ್ವರು ಸೇರಿದರೂ ಅರ್ಧ ದಿನ ಹಿಡಿಯುತ್ತದೆ. ಲಿಂಗಾಯತರದಾದರೆ ಕೂರಿಸಲು ಬೇರೆ ಅಳತೆ, ಗೂಡು. ಹಳೆಯ ಸ್ಮಶಾನದಲ್ಲಿ ತೋಡುವಾಗ ಹಿಂದಿನವರ ಮೂಳೆ ಬರುತ್ತದೆ, ಅದನ್ನು ಎತ್ತಿ ಪಕ್ಕಕ್ಕಿಟ್ಟು ಮತ್ತೆ ಮುಚ್ಚಬೇಕು. ಮಳೆಗಾಲದಲ್ಲಿ ಗೋಡೆ ಕುಸಿಯುತ್ತದೆ, ಕೆರೆ ಅಂಗಳದ ಸ್ಮಶಾನವಾದರೆ ಗುಂಡಿಯಲ್ಲಿ ನೀರು ಜಿನುಗುತ್ತದೆ. ಇಷ್ಟೆಲ್ಲ ಆಗುವಾಗ ಮೇಲೆ ನಿಂತ ಮನೆಯವರು 'ಇನ್ನೂ ಆಗಿಲ್ವಾ' ಎಂದು ಗದರುತ್ತಿರುತ್ತಾರೆ. ಈಚೆಗೆ ಜೆಸಿಬಿ ಕರೆಸುವವರು ಇದ್ದಾರೆ. ಅದಕ್ಕೆ ಗಂಟೆಗಿಷ್ಟು ಎಂದು ಎಲ್ಲರೂ ಚೌಕಾಸಿಯಿಲ್ಲದೆ ಕೊಡುತ್ತಾರೆ. ಅದೇ ಗುಂಡಿಯನ್ನು ಮನುಷ್ಯರು ತೋಡಿದರೆ ಕೊಡುವ ಹಣಕ್ಕೆ ಕೂಲಿ ಎಂಬ ಹೆಸರೂ ಇಲ್ಲ. ಒಂದಿಷ್ಟು ಕಾಸು, ಒಂದು ಬಾಟಲಿ, ತಿಥಿಯ ದಿನ ಹೊರಗೆ ಕೂರಿಸಿ ಊಟ.

ಆ ಬಾಟಲಿಯ ವಿಷಯವನ್ನು ಬಿಟ್ಟು ಮುಂದೆ ಹೋಗಲಾರೆ. ಹೆಣದ ಕೆಲಸಕ್ಕೆ ಕುಡಿದೇ ಇಳಿಯಬೇಕು ಎಂದು ಊರೇ ಹೇಳುತ್ತದೆ, ಊರೇ ತಂದುಕೊಡುತ್ತದೆ, ಕೂಲಿಯ ಒಂದು ಪಾಲನ್ನು ಅದರಲ್ಲೇ ಮುರಿದುಕೊಳ್ಳುತ್ತದೆ. ಆಮೇಲೆ 'ಅವರಿಗೆ ಎಷ್ಟು ಕೊಟ್ಟರೂ ಕುಡಿದು ಹಾಳು ಮಾಡ್ತಾರೆ' ಎಂದು ಅದೇ ಊರು ತೀರ್ಪು ಕೊಡುತ್ತದೆ. ಎಷ್ಟೋ ಗಂಡಸರು ನಡುವಯಸ್ಸಿಗೇ ಲಿವರ್ ಕೆಟ್ಟು ಹೋಗಿದ್ದಾರೆ, ಅವರ ಹೆಂಡತಿಯರು ರೇಷ್ಮೆ ಬಿಚ್ಚುವ ಫಿಲೇಚರುಗಳಲ್ಲಿ, ಟೊಮೇಟೊ ತೋಟಗಳಲ್ಲಿ ದುಡಿದು ಮಕ್ಕಳನ್ನು ಸಾಕಿದ್ದಾರೆ.

ನಮ್ಮಲ್ಲಿ ಸ್ಮಶಾನ ಎಂದ ಕೂಡಲೇ ನೆನಪಾಗುವ ಹೆಸರು ಹರಿಶ್ಚಂದ್ರನದು. ಬೆಂಗಳೂರಿನಲ್ಲಿ ಹರಿಶ್ಚಂದ್ರ ಘಾಟ್ ಇದೆ. ಹದಿಮೂರನೆಯ ಶತಮಾನದ ರಾಘವಾಂಕ ಬರೆದ ಕಾವ್ಯದಿಂದ ಹಿಡಿದು ಬಯಲಾಟ, ಹರಿಕಥೆ, ಸಿನಿಮಾವರೆಗೆ ಆ ಕಥೆ ಕೇಳದ ಕನ್ನಡಿಗರಿಲ್ಲ. ಆದರೆ ಅದರ ನಡುಭಾಗವನ್ನು ನಾವು ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದು ನನಗನ್ನಿಸುತ್ತದೆ. ಸತ್ತು ಬಿದ್ದವನು ಸ್ವಂತ ಮಗ ಲೋಹಿತಾಶ್ವ, ಹೊತ್ತು ತಂದವಳು ಹೆಂಡತಿ ಚಂದ್ರಮತಿ. ಆದರೂ ಸುಡುಗಾಡಿನ ತೆರಿಗೆ ಕೊಡದೆ ಸುಡಬಾರದು ಎನ್ನುತ್ತಾನೆ ಹರಿಶ್ಚಂದ್ರ. ಅವನ ಸತ್ಯದ ಪರೀಕ್ಷೆ ಇರುವುದೇ ಅಲ್ಲಿ, ಸ್ಮಶಾನಕ್ಕೆ ಸಲ್ಲಬೇಕಾದ್ದನ್ನು ಯಾರ ಮುಖ ನೋಡಿಯೂ ಬಿಡದಿರುವುದರಲ್ಲಿ. ಆ ಕಥೆ ಕೇಳಿ ಕಣ್ಣೀರು ಹಾಕುವ ಜನ, ಗುಂಡಿ ತೋಡಿದವನು 'ಇನ್ನೊಂದು ಸ್ವಲ್ಪ ಕೊಡಿ ಸ್ವಾಮಿ' ಎಂದರೆ ಹೆಣದ ಮುಂದೆ ಚೌಕಾಸಿ ಮಾಡುತ್ತಾನೆ ಎಂದು ಬೈಯುತ್ತಾರೆ. ಮೊದಲೇ ದರ ಹೇಳಲು ಬಿಟ್ಟಿದ್ದರೆ ಅವನು ಅಲ್ಲಿ ಕೈಯೊಡ್ಡಿ ನಿಲ್ಲಬೇಕಾಗಿರಲಿಲ್ಲ.

ಕಾನೂನು ಈ ವಿಷಯದಲ್ಲಿ ಊರಿಗಿಂತ ಬಹಳ ಮುಂದೆ ಇದೆ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದು ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ಇನ್ನೂ ನೇರವಾಗಿದೆ. ಈ ಸಮುದಾಯಗಳವರಿಂದ ಹೆಣ ಹೊರಿಸುವುದು, ಸತ್ತ ಪ್ರಾಣಿ ಎಳೆಸುವುದು, ಗುಂಡಿ ತೋಡಿಸುವುದು ಅಪರಾಧ ಎಂದು ಅದು ಹೆಸರು ಹಿಡಿದು ಹೇಳುತ್ತದೆ. ಸ್ಮಶಾನವನ್ನು ಉಳಿದವರಂತೆ ಬಳಸಲು ಅಡ್ಡಿ ಮಾಡುವುದೂ ಅಪರಾಧ. ಇದಕ್ಕೂ ಬಹಳ ಮೊದಲು, 1928ರಲ್ಲಿ, ಅಂಬೇಡ್ಕರ್ ಅವರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಹಾರ್ ವತನಿನ ವಿರುದ್ಧ ಮಸೂದೆ ಮಂಡಿಸಿದ್ದರು. ಒಂದಷ್ಟು ಜಮೀನು, ಒಂದಿಷ್ಟು ಆಯ ಕೊಟ್ಟು ಇಡೀ ಕುಲವನ್ನು ಹಗಲಿರುಳು ಊರಿನ ಆಳನ್ನಾಗಿ ಮಾಡುವ ಏರ್ಪಾಡದು ಎಂದು ಅವರು ಕಂಡಿದ್ದರು. ನಮ್ಮ ತೋಟಿ ಇನಾಮ್ತಿ ಅದರದೇ ಇನ್ನೊಂದು ರೂಪ.

'ನಾವೇನು ಬಲವಂತ ಮಾಡಿದ್ವಾ? ಕರೆದ್ವಿ, ಬಂದ್ರು' ಎನ್ನುವವರಿದ್ದಾರೆ. ಬಲವಂತಕ್ಕೆ ಕೋಲು ಬೇಕಿಲ್ಲ. ತಮಟೆ ಬಡಿಯುವುದಿಲ್ಲ ಎಂದ ಕೇರಿಗೆ ಮಾರನೆಯ ದಿನದಿಂದ ಕೂಲಿಗೆ ಕರೆ ಇಲ್ಲ, ಅಂಗಡಿಯಲ್ಲಿ ಸಾಲ ಇಲ್ಲ, ಹೊಲದ ಬದುವಿನಲ್ಲಿ ಮೇಕೆ ಬಿಡುವಂತಿಲ್ಲ. ಬಹಿಷ್ಕಾರದ ಇಂಥ ಸುದ್ದಿಗಳು ಕರ್ನಾಟಕದ ಬೇರೆ ಬೇರೆ ಜಿಲ್ಲೆಗಳಿಂದ ವರ್ಷವೂ ಬರುತ್ತಲೇ ಇರುತ್ತವೆ. ಒಲ್ಲೆ ಎಂದರೆ ಏನೂ ಆಗದು ಎಂಬ ಧೈರ್ಯ ಇದ್ದವನು ಬಂದರೆ ಮಾತ್ರ ಅದು ಬರುವುದು.

ಅಂಗಡಿಯ ಕುಟುಂಬಕ್ಕೂ ಗುಂಡಿಯ ಕುಟುಂಬಕ್ಕೂ ಇರುವ ನಿಜವಾದ ಅಂತರ ಇಲ್ಲೇ ಇದೆ. ಎರಡೂ ಮನೆಗಳಲ್ಲಿ ಅಪ್ಪನ ಕೆಲಸ ಮಗನಿಗೆ ಬರುತ್ತದೆ. ಅಂಗಡಿಯ ಮಗ ಎಂಜಿನಿಯರಿಂಗ್ ಓದಿ ಬೆಂಗಳೂರಿಗೆ ಹೋದರೆ ಅಂಗಡಿ ಮುಚ್ಚುತ್ತದೆ, ಇಲ್ಲವೇ ಬೇರೆಯವರಿಗೆ ಹೋಗುತ್ತದೆ, ಯಾರೂ ಅವನ ಮನೆ ಬಾಗಿಲಿಗೆ ಬಂದು ಕೇಳುವುದಿಲ್ಲ. ಗುಂಡಿ ತೋಡುವವರ ಮಗ ಪದವಿ ಓದಿ ಊರಿಗೆ ಬಂದ ದಿನ ಯಾರಾದರೂ ಸತ್ತರೆ, ಅಪ್ಪನಿಗೆ ಹುಷಾರಿಲ್ಲದಿದ್ದರೆ, ಕರೆ ಅವನಿಗೇ ಬರುತ್ತದೆ. ವಂಶದ ಕಸುಬು ತನ್ನಿಂದ ತಾನೇ ಕೆಟ್ಟದ್ದಲ್ಲ. ಬಿಟ್ಟು ಹೋಗಲು ಬಾಗಿಲು ಇಲ್ಲದ ಕಸುಬು ಕೆಟ್ಟದ್ದು.

ಇನ್ನೂ ಒಂದು ಅನ್ಯಾಯ ಈಗ ಕಣ್ಣೆದುರೇ ನಡೆಯುತ್ತಿದೆ. ಸಾವಿನ ಕೆಲಸದಲ್ಲಿ ಹಣ ಹುಟ್ಟುವ ಭಾಗ, ಅಂದರೆ ಪೆಟ್ಟಿಗೆ, ಗಾಡಿ, ಹೂವು, ಫ್ಲೆಕ್ಸ್, ಬಂಡವಾಳ ಇದ್ದವರ ಕೈಗೆ ಹೋಯಿತು. ಹಣ ಹುಟ್ಟದ ಭಾಗ ಹಳೆಯ ಕೇರಿಯಲ್ಲೇ ಉಳಿಯಿತು. ಈ ಕೆಲಸವನ್ನು ಚೆನ್ನಾಗಿ ಬಲ್ಲವರು, ಯಾವ ಕುಲದಲ್ಲಿ ತಲೆ ಯಾವ ದಿಕ್ಕಿಗೆ, ಯಾರಿಗೆ ಹೂಳುವುದು, ಯಾರಿಗೆ ಸುಡುವುದು ಎಂದು ಬಾಯಲ್ಲೇ ಹೇಳಬಲ್ಲವರು, ಅಂಗಡಿ ಇಡಲಾರದೆ ಹೋದರು. ಸಾಲ ಸಿಗದಿರುವುದು ಒಂದು ಕಾರಣ. ಅವರ ಮನೆಯ ಪೆಟ್ಟಿಗೆಯಲ್ಲಿ ತಮ್ಮ ಅಪ್ಪನನ್ನು ಮಲಗಿಸಲು ಒಪ್ಪದ ಮನೆಗಳು ಇನ್ನೂ ಇರುವುದು ಎರಡನೆಯ ಕಾರಣ. ಗುಂಡಿಯನ್ನು ಅವರು ತೋಡಬಹುದು, ಪೆಟ್ಟಿಗೆ ಅವರದಾಗಬಾರದು!

ಸಾವನ್ನು ಮುಟ್ಟುವವರನ್ನು ಕೀಳಾಗಿ ಕಾಣುವುದು ಒಂದೇ ಜಾತಿಗೆ ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಬ್ರಾಹ್ಮಣರಲ್ಲೇ ಅಪರಕರ್ಮ ಮಾಡಿಸುವ ಪುರೋಹಿತರನ್ನು ಮದುವೆ, ಉಪನಯನಗಳಿಗೆ ಕರೆಯಲು ಹಿಂದೆಮುಂದೆ ನೋಡುತ್ತಾರೆ. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ 1965ರಲ್ಲಿ ಬಂದಾಗಿನಿಂದ, ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವ ಅಧಿಕಾರ ಯಾರಿಗೆ ಎಂಬ ಪ್ರಶ್ನೆಯ ಸುತ್ತ ನಮ್ಮ ವಿಮರ್ಶಕರು ಬಹಳ ಬರೆದಿದ್ದಾರೆ. ಅಗ್ರಹಾರ ಶಾಸ್ತ್ರ ಹುಡುಕುತ್ತಿರುವಾಗ ಅವನ ಜೊತೆ ಬಾಳಿದ್ದ ಚಂದ್ರಿ ಕತ್ತಲಲ್ಲಿ ಹೋಗಿ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯನ್ನು ಕರೆತರುತ್ತಾಳೆ, ಅವನು ಹೆಣವನ್ನು ಗಾಡಿಯಲ್ಲಿ ಸಾಗಿಸಿ ಸುಟ್ಟು ಹೋಗುತ್ತಾನೆ. ಆ ಇಬ್ಬರ ಕೆಲಸದ ಬಗ್ಗೆ ನಮ್ಮ ಚರ್ಚೆಗಳಲ್ಲಿ ಬಂದ ಮಾತು ಕಡಿಮೆ. ಜಪಾನಿನಲ್ಲೂ ಹೀಗೆಯೇ. ಹೆಣವನ್ನು ತೊಳೆದು ಸಿಂಗರಿಸುವ ಕೆಲಸಕ್ಕೆ ಸೇರಿದ ಯುವಕನನ್ನು ಹೆಂಡತಿಯೇ ಹೇಸುವ ಕಥೆಯ 'ಒಕುರಿಬಿತೊ' ಎಂಬ ಸಿನಿಮಾ 2009ರಲ್ಲಿ ಆಸ್ಕರ್ ಪಡೆಯಿತು.

ಎಲ್ಲದಕ್ಕೂ ದರ ಕಟ್ಟಿದರೆ ನೆರೆಹೊರೆಯ ಸಹಾಯ ಸತ್ತುಹೋಗುವುದಿಲ್ಲವೆ ಎಂಬ ಆತಂಕ ನನಗೂ ಅರ್ಥವಾಗುತ್ತದೆ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಪಕ್ಕದ ಮನೆಯವರು ಅನ್ನ ಸಾರು ತಂದುಕೊಡುವುದು, ಪಾಡೆಗೆ ಹೆಗಲು ಕೊಡುವುದು, ಮೂರನೆಯ ದಿನ ಹಾಲು ತುಪ್ಪಕ್ಕೆ ಜೊತೆಗೆ ಹೋಗುವುದು, ಇವು ಅಂಗಡಿಯಲ್ಲಿ ಸಿಗುವಂಥವಲ್ಲ. ಸಿಗಲೂಬಾರದು. ಆದರೆ ಇವನ್ನು ಮಾಡುವವರು ಸರೀಕರು, ಇವತ್ತು ನಾನು ನಿನಗೆ, ನಾಳೆ ನೀನು ನನಗೆ. ಗುಂಡಿ ತೋಡುವವನ ಮನೆಯಲ್ಲಿ ಸಾವಾದರೆ ಊರ ಗೌಡರ ಮಗ ಗಡಾರಿ ಹಿಡಿದು ಬರುತ್ತಾನೆಯೆ? ಬರುವುದಾದರೆ ದರದ ಮಾತೇ ಬೇಡ, ನನ್ನ ಲೇಖನವನ್ನು ಹಿಂತೆಗೆದುಕೊಳ್ಳುತ್ತೇನೆ. ಬರುವುದಿಲ್ಲ ಎಂದ ಮೇಲೆ ಅದು ಸಹಾಯವಲ್ಲ, ಕೆಲಸ. ಕೆಲಸಕ್ಕೆ ಕೂಲಿ ಸಲ್ಲಬೇಕು.

ಸರೀಕರ ಸಹಾಯ ಹೇಗಿರುತ್ತದೆ ಎಂದು ನೋಡಬೇಕಾದರೆ ಶಿಡ್ಲಘಟ್ಟದ, ಚಿಂತಾಮಣಿಯ ಮುಸ್ಲಿಂ ಮೊಹಲ್ಲಾಗಳಿಗೆ ಹೋಗಬೇಕು. ಜನಾಜಾ ಹೊರುವ ಡೋಲಿ ಮಸೀದಿಯದು. ರೀಲಿಂಗ್ ಯಂತ್ರದ ಮಾಲೀಕನಿಗೂ ಅದೇ, ಅಲ್ಲಿ ದುಡಿಯುವ ಕೂಲಿಗೂ ಅದೇ. ಕಫನ್ ಎಲ್ಲರಿಗೂ ಹೊಲಿಗೆಯಿಲ್ಲದ ಬಿಳಿ ಬಟ್ಟೆ. ಗಂಡಸಿಗೆ ಗಂಡಸರು, ಹೆಂಗಸಿಗೆ ಹೆಂಗಸರು ಸ್ನಾನ ಮಾಡಿಸುತ್ತಾರೆ. ಹೊರುವಾಗ ದಾರಿಯಲ್ಲಿ ಹೋಗುವವನೂ ಹೆಗಲು ಕೊಟ್ಟು ನಾಲ್ಕು ಹೆಜ್ಜೆ ಹಾಕುತ್ತಾನೆ. ಅಲ್ಲಿ ಮೇಲುಕೀಳು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಖಬರಸ್ತಾನದಲ್ಲಿ ಗುಂಡಿ ತೋಡುವವರು ಅಲ್ಲಿಯೂ ಬಡವರೇ. ಆದರೆ ಹೆಣ ಮುಟ್ಟುವುದು ಒಂದು ಕುಲದ ಮೈಲಿಗೆಯಲ್ಲ, ಇಡೀ ಸಮುದಾಯದ ಹೊಣೆ ಎಂಬ ಭಾವ ಇರುವುದರಿಂದ ಪೈಪೋಟಿಯ ಆಡಂಬರಕ್ಕೆ ಜಾಗ ಕಡಿಮೆ.

ಅಂಗಡಿಗಳ ಪರವಾಗಿ ಇಷ್ಟು ಮಾತಾಡಿದ ಮೇಲೆ ಅವುಗಳ ಅಪಾಯವನ್ನೂ ಹೇಳುವುದು ನ್ಯಾಯ. ಶವಾಗಾರದ ಬಾಗಿಲಲ್ಲಿ ರಾತ್ರಿ ಹನ್ನೊಂದಕ್ಕೆ ನಿಂತ ಮನುಷ್ಯನಿಗೆ ನಾಲ್ಕು ಕಡೆ ವಿಚಾರಿಸುವ ಶಕ್ತಿ ಇರುವುದಿಲ್ಲ, ಕೇಳಿದ್ದನ್ನು ಕೊಡುತ್ತಾನೆ. ಅಮೆರಿಕದಲ್ಲಿ ಇದು ದೊಡ್ಡ ಉದ್ಯಮವಾಗಿ ಬೆಳೆದಾಗ ಜೆಸಿಕಾ ಮಿಟ್‌ಫರ್ಡ್ 1963ರಲ್ಲಿ ಒಂದು ಪುಸ್ತಕ ಬರೆದು, ದುಃಖದಲ್ಲಿರುವವರಿಗೆ ಬೇಡದ ದುಬಾರಿ ಪೆಟ್ಟಿಗೆಗಳನ್ನು ಹೇಗೆ ಮಾರುತ್ತಾರೆ ಎಂದು ಬಯಲು ಮಾಡಿದರು. ಅಲ್ಲಿನ ಸರ್ಕಾರ 1984ರಲ್ಲಿ ಒಂದು ನಿಯಮ ಜಾರಿಗೆ ತಂದಿತು: ಪ್ರತಿಯೊಂದು ಬಾಬಿನ ದರವನ್ನೂ ಬೇರೆ ಬೇರೆಯಾಗಿ ಬರೆದು ಕೊಡಬೇಕು, ಫೋನಿನಲ್ಲಿ ಕೇಳಿದರೂ ಹೇಳಬೇಕು. ಅಲ್ಲಿ ಊರೂರಿನ ಕುಟುಂಬದ ಅಂಗಡಿಗಳನ್ನು ದೊಡ್ಡ ಕಂಪನಿಗಳು ಒಂದೊಂದಾಗಿ ಕೊಂಡುಕೊಂಡವು, ಬೋರ್ಡಿನಲ್ಲಿ ಮಾತ್ರ ಹಳೆಯ ಮನೆತನದ ಹೆಸರು ಉಳಿಯಿತು. ನಮ್ಮ ನಾಲ್ಕು ಊರುಗಳಲ್ಲಿ ಇನ್ನೂ ಆ ಸ್ಥಿತಿ ಬಂದಿಲ್ಲ. ಇಲ್ಲಿ ಅಂಗಡಿಯವನು ನಾಳೆ ಸಂತೆಯಲ್ಲಿ ಎದುರಾಗುತ್ತಾನೆ, ಅವನ ಮಗಳೂ ನಮ್ಮ ಮಗಳೂ ಒಂದೇ ಶಾಲೆಗೆ ಹೋಗುತ್ತಾರೆ. ಹೆಚ್ಚು ಕಿತ್ತುಕೊಂಡರೆ ಊರಿನ ಬಾಯಿಗೆ ಬೀಳುತ್ತಾನೆ. ಸ್ಥಳೀಯ ಕುಟುಂಬದ ಅಂಗಡಿಯನ್ನು ನಾನು ಇಷ್ಟಪಡುವುದು ಈ ಕಾರಣಕ್ಕೆ. ಆದರೂ ಮರ್ಯಾದೆಯ ಹಂಗೊಂದೇ ಸಾಲದು. ಅಂಗಡಿಯಲ್ಲೂ ಆಸ್ಪತ್ರೆಯ ಗೇಟಿನಲ್ಲೂ ದರಪಟ್ಟಿ ಇರಬೇಕು, ಗುಂಡಿಯ ಕೂಲಿಯೂ ಅದರಲ್ಲಿ ಒಂದು ಸಾಲಾಗಿ ಬರಬೇಕು.

ಎಲ್ಲಿ ಹೂಳುವುದು ಎಂಬುದೂ ಇದಕ್ಕೆ ಅಂಟಿದ ಪ್ರಶ್ನೆ. ಈ ಸೀಮೆಯಲ್ಲಿ ಜಮೀನು ಇದ್ದವರು ತಮ್ಮ ಹೊಲದಲ್ಲೇ ಹೂಳುತ್ತಾರೆ. ಹೊಂಗೆ ಮರದ ಬುಡದಲ್ಲಿ, ದ್ರಾಕ್ಷಿ ತೋಟದ ಮೂಲೆಯಲ್ಲಿ ಸಮಾಧಿಗಳು ಕಾಣುತ್ತವೆ. ವಿಶ್ವೇಶ್ವರಯ್ಯನವರ ಸಮಾಧಿ ಕೂಡ ಅವರ ಹುಟ್ಟೂರು ಮುದ್ದೇನಹಳ್ಳಿಯಲ್ಲೇ ಇದೆ. ಜಮೀನಿಲ್ಲದವರಿಗೆ ಕೆರೆ ಅಂಗಳ, ಹಳ್ಳದ ದಂಡೆ. ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಗೋಮಾಳ, ಖರಾಬುಗಳ ಮೇಲೂ ಬಡಾವಣೆಗಳ ಕಣ್ಣು ಬಿದ್ದು ಆ ಜಾಗಗಳೂ ಕಿರಿದಾಗಿವೆ. ಸ್ಮಶಾನವಿಲ್ಲದ ಊರುಗಳಿಗೆ ಜಾಗ ಒದಗಿಸಬೇಕೆಂದು ರಾಜ್ಯ ಹೈಕೋರ್ಟ್ 2019ರಲ್ಲಿ ಆದೇಶಿಸಿತು. ಅದು ಪಾಲನೆಯಾಗಲಿಲ್ಲವೆಂದು ಮತ್ತೆ ನ್ಯಾಯಾಂಗ ನಿಂದನೆಯ ಅರ್ಜಿಯನ್ನೇ ಹಾಕಬೇಕಾಯಿತು. ಊರಿನ ಎಲ್ಲರ ಗುಂಡಿ ತೋಡಿದವನು ತಾನು ಸತ್ತಾಗ ಆರು ಅಡಿ ನೆಲಕ್ಕೆ ಯಾರ ಬದುವನ್ನೋ ಬೇಡಬೇಕಾದ ಊರುಗಳಿವೆ. ಉದ್ಯೋಗ ಖಾತರಿಯ ಹಣದಲ್ಲಿ ಕೆಲವು ಪಂಚಾಯಿತಿಗಳು ಸ್ಮಶಾನಕ್ಕೆ ಕಾಂಪೌಂಡು, ಗೇಟು, ನೀರಿನ ತೊಟ್ಟಿ ಮಾಡಿಸಿವೆ, ಒಳ್ಳೆಯ ಕೆಲಸ. ಆ ಗೇಟಿನೊಳಗೆ ದುಡಿಯುವ ಮನುಷ್ಯ ಮಾತ್ರ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ, ತಾವರೆಕೆರೆಯಲ್ಲಿ, ಗಿಡ್ಡೇನಹಳ್ಳಿಯಲ್ಲಿ ಬಯಲಲ್ಲೇ ಚಿತೆ ಹಚ್ಚಿದಾಗ ಈ ಜನ ಒಮ್ಮೆ ನಾಡಿನ ಕಣ್ಣಿಗೆ ಬಿದ್ದರು. ಮಕ್ಕಳೇ ದೂರ ನಿಂತಿದ್ದ ಹೆಣಗಳನ್ನು ಅವರು ಎತ್ತಿದರು. ಮರುವರ್ಷ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬೆಂಗಳೂರಿನ ಸ್ಮಶಾನ ನೌಕರರನ್ನು ಕಾಯಂ ಮಾಡುವುದಾಗಿ, ಅವರನ್ನು 'ಸತ್ಯ ಹರಿಶ್ಚಂದ್ರ ಬಳಗ' ಎಂದು ಕರೆಯುವುದಾಗಿ ಹೇಳಿದರು. ರಾಜಧಾನಿಯ ಸ್ಮಶಾನಕ್ಕೆ ಸಲ್ಲುವ ನ್ಯಾಯ ಗುಡಿಬಂಡೆ ರಸ್ತೆಯ ಹಳ್ಳಿಗೆ, ಕೈವಾರದ ಪಕ್ಕದ ಊರಿಗೆ ಏಕೆ ಸಲ್ಲಬಾರದು? ಹಳ್ಳಿಯಲ್ಲಿ ವರ್ಷಕ್ಕೆ ಸಾಯುವವರು ಕೆಲವರೇ, ಅದಕ್ಕೊಂದು ಹುದ್ದೆಯೆ ಎನ್ನಬಹುದು. ಪಂಚಾಯಿತಿಗೆ ಹತ್ತಾರು ಹಳ್ಳಿ ಸೇರುತ್ತವೆ. ಸ್ಮಶಾನ ಕಾಯುವುದು, ಜಾಲಿ ತೆಗೆಯುವುದು, ಗುಂಡಿಗಳ ಲೆಕ್ಕ ಇಡುವುದು, ಸಾವು ನೋಂದಣಿಗೆ ಮಾಹಿತಿ ಕೊಡುವುದು ಸೇರಿದರೆ ಇಬ್ಬರಿಗೆ ವರ್ಷವಿಡೀ ಕೆಲಸ ಇದೆ. ಹುದ್ದೆ ಯಾವ ಜಾತಿಯವರಿಗೂ ತೆರೆದಿರಬೇಕು. ಗುಂಡಿ ತೋಡಿದ್ದಕ್ಕೆ ಪ್ರತ್ಯೇಕ ಕೂಲಿ ಪಂಚಾಯಿತಿಯ ಖಾತೆಯಿಂದಲೇ ಬ್ಯಾಂಕಿಗೆ ಹೋಗಬೇಕು, ಮನೆಯವರಿಂದ ಅದನ್ನು ವಸೂಲಿ ಮಾಡುವುದು ಪಂಚಾಯಿತಿಯ ತಲೆನೋವು. ಬಡವರ ಮನೆಯದಾದರೆ ಪಂಚಾಯಿತಿಯೇ ಭರಿಸಲಿ. ಗ್ಲೌಸು, ಗಂಬೂಟು, ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಲಸಿಕೆ ಕೊಡುವುದು ಖರ್ಚಿನ ಮಾತೇ ಅಲ್ಲ. ಹೆಂಗಸರ ಹೆಣಕ್ಕೆ ಸ್ನಾನ ಮಾಡಿಸಲು ಮನೆಯಲ್ಲಿ ಯಾರೂ ಇಲ್ಲದ ಸ್ಥಿತಿ ಈಗ ಪಟ್ಟಣಗಳಲ್ಲಿ ಹೆಚ್ಚುತ್ತಿದೆ, ನಗರಸಭೆಗಳು ಅದಕ್ಕೆ ಹೆಂಗಸರನ್ನೇ ನೇಮಿಸಿಕೊಳ್ಳಬೇಕು.

ಬಿಡುವ ಹಕ್ಕು ಸಿಕ್ಕರೆ ಈ ಕೆಲಸ ಮಾಡುವವರೇ ಇರುವುದಿಲ್ಲ ಎಂದು ಹೆದರುವವರಿಗೆ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಇದೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರು ತಮಟೆಗೆ 2023ರಲ್ಲಿ ಪದ್ಮಶ್ರೀ ಪಡೆದರು. ಹೆಣದ ಮುಂದೆ ಬಡಿಯಲೇಬೇಕಾಗಿದ್ದ ಅದೇ ಚರ್ಮದ ವಾದ್ಯ, ಬಡಿಯುವವರು ತಾವಾಗಿ ವೇದಿಕೆಗೆ ಒಯ್ದಾಗ ನಾಡು ತಲೆಬಾಗುವ ಕಲೆಯಾಯಿತು. ಇಂದು ಎಷ್ಟೋ ತಮಟೆ ತಂಡಗಳು ಮೆರವಣಿಗೆಗೆ, ಉತ್ಸವಕ್ಕೆ ದರ ಹೇಳಿ ಬರುತ್ತವೆ, ಸಾವಿಗೆ ಕರೆದರೂ ದರ ಹೇಳುತ್ತವೆ, ಮನಸ್ಸಿಲ್ಲದಿದ್ದರೆ ಬರುವುದಿಲ್ಲ. ತಮಟೆ ನಿಂತುಹೋಗಿಲ್ಲ. ಗುಂಡಿ ತೋಡುವುದು ಕಲೆಯಲ್ಲ, ಅದಕ್ಕೆ ಪ್ರಶಸ್ತಿ ಬರುವುದಿಲ್ಲ. ಆದರೆ ತಮಟೆಗೆ ಸಿಕ್ಕ ಸ್ವಾತಂತ್ರ್ಯ ಅದಕ್ಕೂ ಸಿಗಬಹುದು.

ಕಸುಬನ್ನು ಬಿಡಬೇಕೆನ್ನುವ ಹುಡುಗ ಬಿಡಲಿ. ಉಳಿಯಬೇಕೆನ್ನುವವನಿಗೆ ಅಂಗಡಿ ಇಡಲು ಸಾಲ ಸಿಗಲಿ. ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮ, ಆದಿಜಾಂಬವ ಅಭಿವೃದ್ಧಿ ನಿಗಮಗಳು ವಾಹನ ಕೊಳ್ಳಲು, ಸ್ವಂತ ಉದ್ಯೋಗ ಮಾಡಲು ನೆರವು ಕೊಡುತ್ತವೆ. ಫ್ರೀಜರ್ ಪೆಟ್ಟಿಗೆಗೂ ಶವದ ಗಾಡಿಗೂ ಅರ್ಜಿ ಹಾಕಿದವನಿಗೆ ಅದನ್ನು ಕೊಡಬಹುದು. ಆದರೆ ಅರ್ಜಿ ಅವನೇ ಹಾಕಬೇಕು. ನಿಮ್ಮ ಕುಲಕ್ಕೆ ಇದೇ ಸರಿ ಎಂದು ಅಧಿಕಾರಿಯೊಬ್ಬರು ಸೂಚಿಸಿದರೆ ಹಳೆಯ ತೋಟಿ ಚಾಕರಿ ಹೊಸ ಕಾಗದದಲ್ಲಿ ಮರಳಿದಂತಾಗುತ್ತದೆ. ನಗರಸಭೆ, ತಾಲ್ಲೂಕು ಆಸ್ಪತ್ರೆಗಳು ಅಂಗಡಿಗಳ ಪಟ್ಟಿ ಹಾಕುವಾಗ ಆ ಹುಡುಗನ ಅಂಗಡಿಯ ಹೆಸರೂ ದರವೂ ಉಳಿದವರ ಸಾಲಿನಲ್ಲೇ ಇರಲಿ, ಅವನ ಪೆಟ್ಟಿಗೆ ಬೇಡ ಎನ್ನುವವರು ಕಾರಣ ಹೇಳಿ ಬೇಡ ಎನ್ನಲಿ. ಪಂಚಾಯಿತಿಗಳು ಮುಂದಿನ ಸಾಲಿನ ಆಯವ್ಯಯ ಬರೆಯುವಾಗ ಸ್ಮಶಾನದ ಬಾಬಿನಲ್ಲಿ ಗೇಟಿನ ಬಣ್ಣಕ್ಕಿಂತ ಮೊದಲು ಗುಂಡಿ ತೋಡುವವರ ಕೂಲಿಯನ್ನು ಬರೆಯಲಿ. ಅದಕ್ಕೆ ಹೊಸ ಕಾನೂನೇನೂ ಬೇಕಿಲ್ಲ, ಗ್ರಾಮಸಭೆಯಲ್ಲಿ ಒಬ್ಬರು ಎದ್ದು ಕೇಳಿದರೆ ಸಾಕು.